ಹಳೆಯ ಗಣಕಯಂತ್ರದಲ್ಲಿ ಓಪನ್‌ಬಿಎಸ್‌ಡಿ

ಓಪನ್‌ಬಿಎಸ್‌ಡಿ ಯುನಿಕ್ಸ್ ಮಾದರಿಯ ಒಂದು ಮುಕ್ತ ಕಾರ್ಯಾಚರಣಾ ವ್ಯವಸ್ಥೆ. ಭದ್ರತೆ, ಆಕರ ಸಂಕೇತದ ಶುದ್ಧತೆ ಮತ್ತು ಉತ್ತಮ ಕೈಪಿಡಿ ಇದರ ಮುಖ್ಯ ಲಕ್ಷಣಗಳು. ಥಿಯೊ ಡಿ ರಾಟ್ ಎಂಬ ತಂತ್ರಜ್ಞರು 1995ರ ಅಕ್ಟೋಬರ್ ತಿಂಗಳಲ್ಲಿ ಕೆನಡಾದ ಕ್ಯಾಲ್ಗರಿ ನಗರದಲ್ಲಿ ಇದನ್ನು ಆರಂಭಿಸಿದರು. ಹಣ ತೆರದೆ ಇದನ್ನು ಯಾರು ಬೇಕಾದರೂ ಪಡೆದು, ಬಳಸಿ, ತಿದ್ದಿ, ಹಂಚಬಹುದು. ತಯಾರಕರ ಬೆಂಬಲ ನಿಂತುಹೋದ ಹಳೆಯ ಗಣಕಯಂತ್ರಗಳನ್ನು ಮತ್ತೆ ಬಳಕೆಗೆ ತರಲು ನೆರವಾಗುವ ವ್ಯವಸ್ಥೆಗಳಲ್ಲಿ ಇದೂ ಒಂದು. ಈ ವ್ಯವಸ್ಥೆಯ ಹುಟ್ಟು ಮತ್ತು ಭದ್ರತಾ ವಿಧಾನವನ್ನೂ, ತುಮಕೂರು ನಗರ, ಗುಬ್ಬಿ, ಕುಣಿಗಲ್‌ನಂತಹ ಊರುಗಳಲ್ಲಿ ಕನ್ನಡದಲ್ಲಿ ಕೆಲಸ ಮಾಡುವವರು ಹಳೆಯ ಯಂತ್ರವನ್ನು ಇದಕ್ಕೆ ಬದಲಾಯಿಸುವಾಗ ಗಮನಿಸಬೇಕಾದ ಸಂಗತಿಗಳನ್ನೂ ಈ ಲೇಖನ ವಿವರಿಸುತ್ತದೆ.

ಹಳೆಯ ಯಂತ್ರಗಳ ಸಮಸ್ಯೆ

ಗಣಕಯಂತ್ರವು ಕೆಡುವುದಕ್ಕೆ ಮೊದಲೇ ಅದರ ತಂತ್ರಾಂಶದ ಆಯುಷ್ಯ ಮುಗಿಯುವುದು ಇಂದಿನ ಸಾಮಾನ್ಯ ಸ್ಥಿತಿ. ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ ಎಕ್ಸ್‌ಪಿಗೆ ನೀಡುತ್ತಿದ್ದ ಬೆಂಬಲವನ್ನು 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ ನೀಡುತ್ತಿದ್ದುದನ್ನು 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ ನೀಡುತ್ತಿದ್ದುದನ್ನು 2025ರ ಅಕ್ಟೋಬರ್ 14ರಂದು ಕೊನೆಗೊಳಿಸಿತು. ನಂತರದ ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಬಿಲ್ಲೆಯೂ, ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆಯದೋ ಅದಕ್ಕಿಂತ ಹೊಸದೋ ಬೇಕು. ಆದ್ದರಿಂದ ಚೆನ್ನಾಗಿಯೇ ನಡೆಯುತ್ತಿರುವ ಅಸಂಖ್ಯ ಯಂತ್ರಗಳು ಅಧಿಕೃತವಾಗಿ ಮುಂದಿನ ಆವೃತ್ತಿಗೆ ಏರಲಾರವು.

ಬೆಂಬಲ ನಿಂತಿತು ಎಂದರೆ ಯಂತ್ರ ನಿಂತಿತು ಎಂದಲ್ಲ. ಅದು ಮೊದಲಿನಂತೆಯೇ ಓಡುತ್ತದೆ. ಅಪಾಯ ಅಡಗಿರುವುದು ಅಲ್ಲಿಯೇ. ತಂತ್ರಾಂಶದಲ್ಲಿ ಹೊಸದಾಗಿ ಪತ್ತೆಯಾದ ದೋಷಗಳಿಗೆ ತೇಪೆ ಬರುವುದಿಲ್ಲ. ಮೇಲಾಗಿ, ಹೊಸ ಆವೃತ್ತಿಗೆ ಹಾಕಿದ ತೇಪೆಯನ್ನು ಪರಿಶೀಲಿಸಿದವರಿಗೆ ಹಳೆಯ ಆವೃತ್ತಿಯ ತೂತು ಎಲ್ಲಿದೆಯೆಂಬುದು ತಾನಾಗಿಯೇ ತಿಳಿಯುತ್ತದೆ. ತಾಲ್ಲೂಕು ಕೇಂದ್ರದ ಸೈಬರ್ ಕೇಂದ್ರದಲ್ಲಿ ವಿದ್ಯಾರ್ಥಿವೇತನದ ಅರ್ಜಿ, ಆಧಾರ್ ಪ್ರತಿ, ಪಹಣಿ, ಬ್ಯಾಂಕಿನ ಗುಪ್ತಪದ ಇವೆಲ್ಲವೂ ಒಂದೇ ಯಂತ್ರದ ಮೂಲಕ ಹಾದುಹೋಗುತ್ತವೆ. ಅಂತಹ ಯಂತ್ರಕ್ಕೆ ಕನ್ನ ಬಿದ್ದರೆ ನಷ್ಟ ಯಂತ್ರದ ಮಾಲೀಕರಿಗಿಂತ ಹೆಚ್ಚಾಗಿ ಅಲ್ಲಿಗೆ ಬಂದುಹೋದವರಿಗೆ ಆಗುತ್ತದೆ.

ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳಿಗೆ ಗಣಕ ಶಿಕ್ಷಣವನ್ನು ದೊಡ್ಡ ಪ್ರಮಾಣದಲ್ಲಿ ತಂದದ್ದು 2001ರಲ್ಲಿ ಆರಂಭವಾದ ‘ಮಾಹಿತಿ ಸಿಂಧು’ ಯೋಜನೆ. ಆನಂತರ ಬೇರೆ ಬೇರೆ ಹಂತಗಳಲ್ಲಿ ಪ್ರಯೋಗಾಲಯಗಳು ಬಂದವು. 2010ರ ದಶಕದಲ್ಲಿ ರಾಜ್ಯದ ಡಿಎಸ್‌ಇಆರ್‌ಟಿಯು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯೊಡನೆ ನಡೆಸಿದ ವಿಷಯ ಶಿಕ್ಷಕರ ವೇದಿಕೆ ಕಾರ್ಯಕ್ರಮದಲ್ಲಿ ಶಿಕ್ಷಕರಿಗೆ ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆಯಲ್ಲಿ ತರಬೇತಿ ನೀಡಲಾಯಿತು. ಹೀಗಾಗಿ ವಿಂಡೋಸ್ ಅಲ್ಲದ ವ್ಯವಸ್ಥೆಯೊಂದನ್ನು ಬಳಸುವುದು ರಾಜ್ಯದ ಶಿಕ್ಷಕರಿಗೆ ತೀರ ಅಪರಿಚಿತವೇನಲ್ಲ. ಓಪನ್‌ಬಿಎಸ್‌ಡಿ ಮಾತ್ರ ಲಿನಕ್ಸ್‌ನ ಒಂದು ಬಗೆಯಲ್ಲ. ಎರಡೂ ಯುನಿಕ್ಸ್‌ನ ಮಾದರಿಯನ್ನು ಅನುಸರಿಸುತ್ತವೆ, ಆದರೆ ಅವುಗಳ ಕುಲ ಬೇರೆ.

ಹಿನ್ನೆಲೆ ಮತ್ತು ಹುಟ್ಟು

ಯುನಿಕ್ಸ್ 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅವರ ಕೈಯಲ್ಲಿ ರೂಪುಗೊಂಡಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣದಲ್ಲಿ 1970ರ ದಶಕದ ಕೊನೆಯಿಂದ ಅದಕ್ಕೆ ಸೇರಿಸಿದ ಪರಿಷ್ಕರಣೆಗಳು ‘ಬರ್ಕ್ಲಿ ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಷನ್’ ಎಂಬ ಹೆಸರಿನಲ್ಲಿ ಹಂಚಿಕೆಯಾದವು. ಬಿಎಸ್‌ಡಿ ಅದರ ಹ್ರಸ್ವರೂಪ. 1993ರಲ್ಲಿ ಈ ಪರಂಪರೆಯಿಂದ ನೆಟ್‌ಬಿಎಸ್‌ಡಿ ಮತ್ತು ಫ್ರೀಬಿಎಸ್‌ಡಿ ಎಂಬ ಎರಡು ಯೋಜನೆಗಳು ಹುಟ್ಟಿದವು. ನೆಟ್‌ಬಿಎಸ್‌ಡಿಯ ಸ್ಥಾಪಕರಲ್ಲಿ ಒಬ್ಬರಾಗಿದ್ದ ಡಿ ರಾಟ್ ಅವರಿಗೂ ಸಹೋದ್ಯೋಗಿಗಳಿಗೂ ಮನಸ್ತಾಪವಾಗಿ, 1994ರ ಡಿಸೆಂಬರ್‌ನಲ್ಲಿ ಅವರು ಅಲ್ಲಿಂದ ಹೊರಬರಬೇಕಾಯಿತು. ಮರುವರ್ಷ ನೆಟ್‌ಬಿಎಸ್‌ಡಿಯ ಸಂಕೇತವನ್ನೇ ಆಧರಿಸಿ ಅವರು ಹೊಸ ಕವಲೊಂದನ್ನು ತೆರೆದರು.

‘ಓಪನ್’ ಎಂಬ ವಿಶೇಷಣಕ್ಕೆ ಒಂದು ಕಾರಣವಿದೆ. ಆ ಕಾಲದಲ್ಲಿ ಮುಕ್ತ ತಂತ್ರಾಂಶ ಎನಿಸಿಕೊಂಡವುಗಳಲ್ಲಿಯೂ ಆಕರ ಸಂಕೇತದ ದೈನಂದಿನ ಬದಲಾವಣೆಗಳು ಒಳಗಿನ ಸದಸ್ಯರಿಗಷ್ಟೇ ಕಾಣುತ್ತಿದ್ದವು. ಹೊರಗಿನವರಿಗೆ ಆಗಾಗ ಬಿಡುಗಡೆಯಾದ ಪ್ರತಿ ಮಾತ್ರ ಸಿಗುತ್ತಿತ್ತು. ಓಪನ್‌ಬಿಎಸ್‌ಡಿ ತನ್ನ ಸಂಕೇತ ಭಂಡಾರವನ್ನು ಆರಂಭದಿಂದಲೇ ಯಾರು ಬೇಕಾದರೂ ಅಂತರಜಾಲದಲ್ಲಿ ಓದುವಂತೆ ತೆರೆದಿಟ್ಟಿತು. ಯೋಜನೆಯು ಕೆನಡಾದಲ್ಲಿದ್ದುದೂ ಅನುಕೂಲವಾಯಿತು. ಬಲವಾದ ಗೂಢಲಿಪಿ ತಂತ್ರಾಂಶವನ್ನು ದೇಶದ ಹೊರಗೆ ಕಳುಹಿಸಲು ಅಮೆರಿಕವು ಆಗ ಕಟ್ಟುನಿಟ್ಟಿನ ನಿರ್ಬಂಧ ಹೇರಿತ್ತು. ಕೆನಡಾದಿಂದ ಅದನ್ನು ಜಗತ್ತಿಗೆಲ್ಲ ಹಂಚಲು ಸಾಧ್ಯವಿತ್ತು.

ಹಣದ ವಿಷಯದಲ್ಲಿ ಯೋಜನೆ ಎಂದೂ ಸಮೃದ್ಧವಾಗಿರಲಿಲ್ಲ. ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾದಿಂದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮೂಲಕ ಬರುತ್ತಿದ್ದ ನೆರವು, ಇರಾಕ್ ಯುದ್ಧವನ್ನು ಡಿ ರಾಟ್ ಟೀಕಿಸಿದ ಬೆನ್ನಲ್ಲೇ 2003ರಲ್ಲಿ ನಿಂತುಹೋಯಿತು. 2007ರಲ್ಲಿ ಓಪನ್‌ಬಿಎಸ್‌ಡಿ ಫೌಂಡೇಶನ್ ಎಂಬ ಲಾಭರಹಿತ ಸಂಸ್ಥೆ ಸ್ಥಾಪನೆಯಾಯಿತು. ಆದರೂ 2014ರ ಆರಂಭದಲ್ಲಿ ಯೋಜನೆಯ ಯಂತ್ರಗಳ ವಿದ್ಯುತ್ ಬಿಲ್ಲು, ವರ್ಷಕ್ಕೆ ಸುಮಾರು 20,000 ಡಾಲರ್, ಕಟ್ಟಲಾಗದೆ ಯೋಜನೆಯೇ ಮುಚ್ಚುವ ಸ್ಥಿತಿ ಬಂದು, ದಾನಿಗಳು ಮುಂದೆ ಬಂದದ್ದರಿಂದ ಉಳಿಯಿತು. ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳು ನೆಚ್ಚಿಕೊಂಡಿದ್ದ ಯೋಜನೆಯೊಂದು ಕರೆಂಟ್ ಬಿಲ್ಲಿಗೆ ಪರದಾಡಿದ್ದು ವಿಚಿತ್ರವೇ ಸರಿ.

ನೆಚ್ಚಿಕೊಂಡದ್ದು ಎಂಬ ಮಾತು ಉತ್ಪ್ರೇಕ್ಷೆಯಲ್ಲ. ದೂರದ ಯಂತ್ರವನ್ನು ಸುರಕ್ಷಿತವಾಗಿ ನಿಯಂತ್ರಿಸಲು ಬಳಸುವ ಓಪನ್‌ಎಸ್‌ಎಸ್‌ಎಚ್ ಈ ಯೋಜನೆಯ ಕೊಡುಗೆ. 1999ರ ಡಿಸೆಂಬರ್‌ನಲ್ಲಿ ಹೊರಬಂದ 2.6ನೆಯ ಆವೃತ್ತಿಯೊಡನೆ ಮೊದಲು ಕಾಣಿಸಿಕೊಂಡ ಅದು ಇಂದು ಲಿನಕ್ಸ್, ಮ್ಯಾಕ್ ಮತ್ತು ವಿಂಡೋಸ್ ಮೂರರಲ್ಲಿಯೂ ಇದೆ. ಇಲ್ಲಿಯ ಪಿಎಫ್ ಎಂಬ ಜಾಲ ಶೋಧಕವನ್ನು ಆ್ಯಪಲ್ ತನ್ನ ವ್ಯವಸ್ಥೆಗೆ ಅಳವಡಿಸಿಕೊಂಡಿದೆ. ಆಂಡ್ರಾಯ್ಡ್ ಫೋನಿನ ಮೂಲ ಗ್ರಂಥಾಲಯವಾದ ಬಯಾನಿಕ್‌ನಲ್ಲಿಯೂ ಓಪನ್‌ಬಿಎಸ್‌ಡಿಯ ಸಂಕೇತದ ಭಾಗಗಳಿವೆ. ಹೆಸರನ್ನೇ ಕೇಳದವರ ಜೇಬಿನಲ್ಲಿಯೂ ಅದರ ಒಂದು ತುಣುಕು ಇದ್ದೀತು.

ಭದ್ರತೆಯ ವಿಧಾನ

ಓಪನ್‌ಬಿಎಸ್‌ಡಿಯ ಭದ್ರತೆಯನ್ನು ವೈರಸ್ ನಿರೋಧಕ ತಂತ್ರಾಂಶದೊಡನೆ ಹೋಲಿಸುವುದು ತಪ್ಪು. ಒಳಗೆ ಬಂದ ಕಳ್ಳನನ್ನು ಗುರುತು ಹಿಡಿಯುವುದಕ್ಕಿಂತ ಮನೆಯ ಬಾಗಿಲುಗಳ ಸಂಖ್ಯೆಯನ್ನೇ ಕಡಿಮೆ ಮಾಡುವುದು, ಇರುವ ಬಾಗಿಲನ್ನು ಗಟ್ಟಿಗೊಳಿಸುವುದು, ಒಂದು ಕೋಣೆಗೆ ನುಗ್ಗಿದವನು ಇನ್ನೊಂದು ಕೋಣೆಗೆ ಹೋಗದಂತೆ ತಡೆಯುವುದು ಅದರ ಮಾರ್ಗ.

ಮೊದಲನೆಯದು ಸಂಕೇತದ ಪರಿಶೋಧನೆ. 1996ರಿಂದ ಯೋಜನೆಯ ಸದಸ್ಯರು ಇಡೀ ವ್ಯವಸ್ಥೆಯ ಆಕರ ಸಂಕೇತವನ್ನು ಸಾಲುಸಾಲಾಗಿ ಓದಿ ತಿದ್ದುವ ಪರಿಪಾಠವನ್ನು ಇಟ್ಟುಕೊಂಡಿದ್ದಾರೆ. ಒಂದೆಡೆ ಒಂದು ಬಗೆಯ ತಪ್ಪು ಸಿಕ್ಕರೆ, ಅದೇ ಬಗೆಯ ತಪ್ಪನ್ನು ಉಳಿದೆಲ್ಲ ಕಡೆಗಳಲ್ಲಿಯೂ ಹುಡುಕುತ್ತಾರೆ. ಉತ್ತರಪತ್ರಿಕೆ ತಿದ್ದುವವರಿಗೆ ಈ ಕ್ರಮದ ಬೆಲೆ ಗೊತ್ತು: ಒಬ್ಬ ವಿದ್ಯಾರ್ಥಿ ಮಾಡಿದ ತಪ್ಪನ್ನು ಇಡೀ ತರಗತಿ ಮಾಡಿರುವ ಸಂಭವವೇ ಹೆಚ್ಚು.

ಎರಡನೆಯದು ‘ಆರಂಭದಿಂದಲೇ ಭದ್ರ’ ಎಂಬ ತತ್ವ. ಹೊಸದಾಗಿ ಸ್ಥಾಪಿಸಿದ ವ್ಯವಸ್ಥೆಯಲ್ಲಿ ಹೊರಗಿನ ಜಾಲಕ್ಕೆ ತೆರೆದುಕೊಳ್ಳುವ ಸೇವೆಗಳು ಅತ್ಯಲ್ಪ. ಬೇಕಾದುದನ್ನು ಬಳಕೆದಾರರೇ ತಿಳಿದು ತೆರೆಯಬೇಕು. ಸ್ಥಾಪಿಸಿದ ಸ್ಥಿತಿಯಲ್ಲಿಯೇ ಇರುವ ವ್ಯವಸ್ಥೆಗೆ ದೂರದಿಂದ ನುಗ್ಗಬಹುದಾದ ತೂತುಗಳು ದೀರ್ಘಕಾಲದಲ್ಲಿ ಎರಡೇ ಎರಡು ಸಿಕ್ಕಿವೆ ಎಂದು ಯೋಜನೆಯು ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಅವುಗಳಲ್ಲಿ ಒಂದು 2002ರಲ್ಲಿ ಓಪನ್‌ಎಸ್‌ಎಸ್‌ಎಚ್‌ನಲ್ಲಿಯೂ, ಇನ್ನೊಂದು 2007ರಲ್ಲಿ ಐಪಿವಿ6 ಜಾಲ ಸಂಕೇತದಲ್ಲಿಯೂ ಕಂಡುಬಂದವು. ಏನನ್ನೂ ತೆರೆಯದ ವ್ಯವಸ್ಥೆಗೆ ಮಾತ್ರ ಅನ್ವಯಿಸುವ ಲೆಕ್ಕವಿದು ಎಂಬ ಟೀಕೆಯೂ ಇದೆ, ಅದರಲ್ಲಿ ಹುರುಳಿಲ್ಲದಿಲ್ಲ. ಬಳಕೆದಾರರು ಆಮೇಲೆ ಸೇರಿಸಿಕೊಳ್ಳುವ ಬ್ರೌಸರ್ ಮುಂತಾದ ತಂತ್ರಾಂಶಗಳು ಈ ಲೆಕ್ಕದಲ್ಲಿ ಸೇರುವುದಿಲ್ಲ.

ಮೂರನೆಯದು, ತಪ್ಪು ಉಳಿದಿದ್ದರೂ ಅದರಿಂದಾಗುವ ಹಾನಿಯನ್ನು ಮಿತಗೊಳಿಸುವ ಉಪಾಯಗಳು. 2003ರ 3.3ನೆಯ ಆವೃತ್ತಿಯಿಂದ, ಮೆಮೊರಿಯ ಯಾವುದೇ ಪುಟವು ಏಕಕಾಲದಲ್ಲಿ ಬರೆಯಲೂ ಕಾರ್ಯಗತಗೊಳಿಸಲೂ ಯೋಗ್ಯವಾಗಿರಬಾರದು ಎಂಬ ನಿಯಮ ಜಾರಿಗೆ ಬಂತು. ದಾಳಿಕೋರರು ತಮ್ಮ ಸಂಕೇತವನ್ನು ಮೆಮೊರಿಯೊಳಗೆ ತುರುಕಿ ಅದನ್ನೇ ಓಡಿಸುವ ಹಳೆಯ ತಂತ್ರಕ್ಕೆ ಇದು ತಡೆ. 2017ರಿಂದ ಕರ್ನಲ್‌ನ ಒಳಭಾಗಗಳನ್ನು ಪ್ರತಿ ಸಲ ಹೊಸ ಕ್ರಮದಲ್ಲಿ ಜೋಡಿಸಲಾಗುತ್ತದೆ. ಹೀಗಾಗಿ ಎರಡು ಯಂತ್ರಗಳ ಕರ್ನಲ್ ಒಂದೇ ರೀತಿ ಇರುವುದಿಲ್ಲ, ಒಂದೇ ಯಂತ್ರದ ನಿನ್ನೆಯ ಕರ್ನಲ್ ಇಂದಿಲ್ಲ.

ಸಾಮಾನ್ಯ ಬಳಕೆದಾರರಿಗೆ ನೇರವಾಗಿ ಅನುಭವಕ್ಕೆ ಬರುವವು ‘ಪ್ಲೆಡ್ಜ್’ ಮತ್ತು ‘ಅನ್‌ವೇಲ್’ ಎಂಬ ಎರಡು ಏರ್ಪಾಡುಗಳು. ಪ್ಲೆಡ್ಜ್ 2016ರಲ್ಲಿ, ಅನ್‌ವೇಲ್ 2018ರಲ್ಲಿ ಬಿಡುಗಡೆಯಾದವು. ಪ್ಲೆಡ್ಜ್ ಎಂದರೆ ಪ್ರತಿಜ್ಞೆ. ತಂತ್ರಾಂಶವು ತಾನು ಇಂತಿಂತಹ ಕೆಲಸಗಳನ್ನಷ್ಟೇ ಮಾಡುತ್ತೇನೆಂದು ಆರಂಭದಲ್ಲಿಯೇ ಕರ್ನಲ್‌ಗೆ ಮಾತು ಕೊಡುತ್ತದೆ; ಮಾತು ಮುರಿದರೆ ಕರ್ನಲ್ ಅದನ್ನು ಆ ಕ್ಷಣವೇ ಕೊನೆಗೊಳಿಸುತ್ತದೆ. ಅನ್‌ವೇಲ್ ಮೂಲಕ ತಂತ್ರಾಂಶವು ತನಗೆ ಬೇಕಾದ ಕಡತಕೋಶಗಳನ್ನು ಮಾತ್ರ ತನ್ನ ಕಣ್ಣಿಗೆ ತೆರೆದುಕೊಂಡು, ಉಳಿದೆಲ್ಲಕ್ಕೂ ಪರದೆ ಎಳೆದುಕೊಳ್ಳುತ್ತದೆ. ಓಪನ್‌ಬಿಎಸ್‌ಡಿಯ ಫೈರ್‌ಫಾಕ್ಸ್ ಮತ್ತು ಕ್ರೋಮಿಯಂ ಬ್ರೌಸರ್‌ಗಳಿಗೆ ಬಳಕೆದಾರರ ಕಡತಗಳ ಪೈಕಿ ಮುಖ್ಯವಾಗಿ ‘ಡೌನ್‌ಲೋಡ್ಸ್’ ಕೋಶವಷ್ಟೇ ಕಾಣುತ್ತದೆ. ಅರ್ಜಿಯೊಂದಕ್ಕೆ ಭಾವಚಿತ್ರವನ್ನೋ ಅಂಕಪಟ್ಟಿಯನ್ನೋ ಸೇರಿಸಬೇಕಾದಾಗ ಅದನ್ನು ಮೊದಲು ಆ ಕೋಶಕ್ಕೆ ನಕಲಿಸಬೇಕು. ಹೊಸಬರು ಕಡತವೇ ಕಳೆದುಹೋಯಿತೆಂದು ಗಾಬರಿಯಾಗುವುದುಂಟು. ಆದರೆ ಇದೇ ಪರದೆಯ ಕಾರಣದಿಂದ, ದುರುದ್ದೇಶದ ಜಾಲತಾಣವೊಂದು ಬ್ರೌಸರನ್ನು ವಶಪಡಿಸಿಕೊಂಡರೂ ಬೇರೆ ಕೋಶಗಳಲ್ಲಿರುವ ಬ್ಯಾಂಕಿನ ಪತ್ರಗಳೂ ಕುಟುಂಬದ ಚಿತ್ರಗಳೂ ಅದರ ಕೈಗೆ ಸಿಗುವುದು ಕಷ್ಟ.

ಬೇಡವಾದುದನ್ನು ಕಿತ್ತುಹಾಕುವುದೂ ಈ ಯೋಜನೆಯ ಒಂದು ವ್ರತ. ಸರಿಯಾಗಿ ನಿರ್ವಹಿಸಲಾಗದ ಬ್ಲೂಟೂತ್ ಬೆಂಬಲವನ್ನು 2014ರಲ್ಲಿ ತೆಗೆಯಲಾಯಿತು. ಲಿನಕ್ಸ್ ತಂತ್ರಾಂಶಗಳನ್ನು ನೇರವಾಗಿ ನಡೆಸುವ ಅನುಕೂಲವನ್ನು 2016ರಲ್ಲಿ ಕೈಬಿಡಲಾಯಿತು. 2014ರಲ್ಲಿ ಓಪನ್‌ಎಸ್‌ಎಸ್‌ಎಲ್ ಗೂಢಲಿಪಿ ಗ್ರಂಥಾಲಯದಲ್ಲಿ ‘ಹಾರ್ಟ್‌ಬ್ಲೀಡ್’ ದೋಷ ಬಯಲಾದಾಗ, ಆ ಗ್ರಂಥಾಲಯವನ್ನೇ ಕವಲೊಡೆದು, ಹಳೆಯ ಸಂಕೇತದ ರಾಶಿಯನ್ನು ಕಡಿದು, ಲಿಬ್ರೆಎಸ್‌ಎಸ್‌ಎಲ್ ರೂಪಿಸಲಾಯಿತು.

ಯಾವ ಯಂತ್ರಕ್ಕೆ ಹೊಂದುತ್ತದೆ

ಸುಮಾರು 2006ರ ನಂತರದ ಬಹುತೇಕ ಮೇಜುಗಣಕ ಮತ್ತು ಲ್ಯಾಪ್‌ಟಾಪ್‌ಗಳು 64 ಬಿಟ್‌ನವು. ಅವುಗಳಿಗೆ ಎಎಂಡಿ64 ಎಂಬ ಆವೃತ್ತಿ ಬೇಕು. ಪ್ರೊಸೆಸರ್ ಇಂಟೆಲ್‌ನದಾದರೂ ಇದೇ ಆವೃತ್ತಿ, ಹೆಸರಿನಿಂದ ಗೊಂದಲಗೊಳ್ಳಬಾರದು. ಅದಕ್ಕಿಂತ ಹಳೆಯವು 32 ಬಿಟ್‌ನವಾಗಿದ್ದರೆ ಐ386 ಆವೃತ್ತಿ. ಮೂಲ ವ್ಯವಸ್ಥೆಯಷ್ಟೇ ಸಾಕೆಂದರೆ 512 ಎಂಬಿ ಮೆಮೊರಿಯಲ್ಲಿಯೂ ನಡೆಯುತ್ತದೆ. ಮೆಮೊರಿಯನ್ನು ನುಂಗುವುದು ಕಾರ್ಯಾಚರಣಾ ವ್ಯವಸ್ಥೆಯಲ್ಲ, ಇಂದಿನ ಜಾಲತಾಣಗಳು. ಆದ್ದರಿಂದ ಅಂತರಜಾಲ ನೋಡಲು 4 ಜಿಬಿ ಇದ್ದರೆ ನೆಮ್ಮದಿ, 2 ಜಿಬಿಯಲ್ಲಿ ತಾಳ್ಮೆ ಬೇಕು. 32 ಬಿಟ್ ಯಂತ್ರಗಳಿಗೆ ದೊಡ್ಡ ಬ್ರೌಸರ್‌ಗಳನ್ನು ಸಿದ್ಧಪಡಿಸುವುದೇ ಕಷ್ಟವಾಗಿರುವುದರಿಂದ, ಅಂತಹ ಯಂತ್ರವನ್ನು ಬರವಣಿಗೆ, ಪ್ರೋಗ್ರಾಮಿಂಗ್ ಕಲಿಕೆ ಅಥವಾ ಜಾಲದ ಕಾವಲುಯಂತ್ರದ ಕೆಲಸಕ್ಕೆ ಮೀಸಲಿಡುವುದು ಮೇಲು.

ಚಿತ್ರಾತ್ಮಕ ಪರದೆಗೆ ಇಂಟೆಲ್ ಮತ್ತು ಎಎಂಡಿ ಬಿಲ್ಲೆಗಳು ಚೆನ್ನಾಗಿ ಒಗ್ಗುತ್ತವೆ. ಎನ್ವಿಡಿಯಾ ಬಿಲ್ಲೆಗಳಿಗೆ ವೇಗವರ್ಧಿತ ಚಾಲಕವಿಲ್ಲ. ವೈಫೈ ಬಿಲ್ಲೆಗಳಲ್ಲಿ ಹಲವಕ್ಕೆ ತಯಾರಕರ ಫರ್ಮ್‌ವೇರ್ ಬೇಕಾಗುತ್ತದೆ. ಅದು ಸ್ಥಾಪಕ ಕಡತದಲ್ಲಿ ಇರುವುದಿಲ್ಲ, ಅಂತರಜಾಲದಿಂದ ಇಳಿಸಿಕೊಳ್ಳಬೇಕು. ವೈಫೈ ಇಲ್ಲದೆ ಅಂತರಜಾಲವೆಲ್ಲಿ ಎಂಬ ಪ್ರಶ್ನೆ ಏಳುವುದು ಸಹಜ. ತಂತಿಯ ಜಾಲವಿಲ್ಲದ ಮನೆಗಳಲ್ಲಿ ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ, ಟೆದರಿಂಗ್ ಆಯ್ಕೆಯನ್ನು ತೆರೆದರೆ ಸಾಮಾನ್ಯವಾಗಿ ಕೆಲಸವಾಗುತ್ತದೆ.

ಹಳೆಯ ಯಂತ್ರಗಳ ಇನ್ನೆರಡು ರೋಗಗಳನ್ನು ಮೊದಲೇ ನೋಡಿಕೊಳ್ಳಬೇಕು. ತಾಯಿಹಲಗೆಯ ಗುಂಡಿಯಾಕಾರದ ಬ್ಯಾಟರಿ ಸತ್ತಿದ್ದರೆ ಗಡಿಯಾರ ಪ್ರತಿ ಸಲ ಹಿಂದಿನ ವರ್ಷಕ್ಕೆ ಹೋಗುತ್ತದೆ. ದಿನಾಂಕ ತಪ್ಪಿದರೆ ಸುರಕ್ಷಿತ ಜಾಲತಾಣಗಳ ಪ್ರಮಾಣಪತ್ರಗಳು ಸರಿಹೊಂದದೆ ಪುಟಗಳೇ ತೆರೆಯುವುದಿಲ್ಲ. ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ, ಪ್ರತಿ ಆರಂಭದಲ್ಲಿ ನಡೆಯುವ ಮರುಜೋಡಣೆಯ ಕಾರಣ ಯಂತ್ರ ಎಚ್ಚರಗೊಳ್ಳಲು ಬಹಳ ಹೊತ್ತು ಹಿಡಿಯುತ್ತದೆ. ಅಲ್ಲಿ ಸಣ್ಣದೊಂದು ಎಸ್‌ಎಸ್‌ಡಿ ಹಾಕಿಸುವುದು ಸಾರ್ಥಕವಾದ ಖರ್ಚು.

ಸ್ಥಾಪನೆ

ಈ ಲೇಖನದಲ್ಲಿ ಆಜ್ಞೆಗಳ ಹೆಸರುಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದೆ. ಯಂತ್ರದಲ್ಲಿ ಅವುಗಳನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪು ಮಾಡಬೇಕು.

ಯೋಜನೆಯ ಅಧಿಕೃತ ತಾಣದಿಂದ 1 ಜಿಬಿಗಿಂತ ಕಡಿಮೆ ಗಾತ್ರದ ಸ್ಥಾಪಕ ಕಡತವನ್ನು ಇಳಿಸಿ, ಜೊತೆಯಲ್ಲಿ ಕೊಟ್ಟಿರುವ ಪರಿಶೀಲನಾ ಸಂಖ್ಯೆಯೊಡನೆ ತಾಳೆ ನೋಡಿ, ರೂಫಸ್‌ನಂತಹ ತಂತ್ರಾಂಶದಿಂದ ಪೆನ್‌ಡ್ರೈವ್‌ಗೆ ಬರೆಯಬೇಕು. ಪೆನ್‌ಡ್ರೈವ್‌ನಿಂದ ಯಂತ್ರವನ್ನು ಆರಂಭಿಸಿದರೆ ಕಪ್ಪು ಪರದೆಯ ಮೇಲೆ ಪ್ರಶ್ನೆಗಳು ಒಂದೊಂದಾಗಿ ಬರುತ್ತವೆ. ಚಿತ್ರಗಳಿಲ್ಲ, ಇಲಿ ಇಲ್ಲ. ಹೆಚ್ಚಿನ ಪ್ರಶ್ನೆಗಳಿಗೆ ಚೌಕ ಆವರಣದಲ್ಲಿ ಉತ್ತರವೂ ಸಿದ್ಧವಾಗಿರುತ್ತದೆ. ಎಂಟರ್ ಒತ್ತಿದರೆ ಸಾಕು. ಕಾಲವಲಯಕ್ಕೆ ಏಷ್ಯಾ ಮತ್ತು ಕೋಲ್ಕತ್ತಾ ಎಂಬುದನ್ನು ನೀಡಬೇಕು. ಎಕ್ಸ್ ವಿಂಡೋ ವ್ಯವಸ್ಥೆಯನ್ನು ಬಳಸುವಿರಾ, ಅದನ್ನು ಕ್ಸೆನೋಡಿಎಂ ಆರಂಭಿಸಲೇ ಎಂಬ ಪ್ರಶ್ನೆಗಳಿಗೆ ಹೌದೆಂದರೆ ಚಿತ್ರಾತ್ಮಕ ಪರದೆ ದೊರೆಯುತ್ತದೆ.

ಎರಡು ಪ್ರಶ್ನೆಗಳ ಬಳಿ ಮಾತ್ರ ಕೈ ತಡೆಯಬೇಕು. ಇಡೀ ಡಿಸ್ಕನ್ನು ಬಳಸಲೇ ಎಂಬ ಪ್ರಶ್ನೆಗೆ ಒಪ್ಪಿಗೆ ಕೊಟ್ಟರೆ ಅದರಲ್ಲಿದ್ದ ವಿಂಡೋಸ್, ಕಡತಗಳು, ಚಿತ್ರಗಳು ಎಲ್ಲವೂ ಅಳಿಯುತ್ತವೆ. ಬೇಕಾದುದನ್ನು ಬೇರೊಂದು ಡಿಸ್ಕಿಗೆ ನಕಲಿಸಿ, ಆ ನಕಲನ್ನು ಇನ್ನೊಂದು ಯಂತ್ರದಲ್ಲಿ ತೆರೆದು ನೋಡಿದ ಮೇಲೆಯೇ ಮುಂದುವರಿಯಬೇಕು. ಡಿಸ್ಕಿನ ವಿಷಯವನ್ನೆಲ್ಲ ಗೂಢಲಿಪಿಗೊಳಿಸಲೇ ಎಂಬುದು ಇನ್ನೊಂದು ಪ್ರಶ್ನೆ, 2023ರ 7.3ನೆಯ ಆವೃತ್ತಿಯಿಂದ ಸ್ಥಾಪಕವೇ ಇದನ್ನು ಕೇಳುತ್ತದೆ. ಕದ್ದುಹೋಗುವ ಸಂಭವವಿರುವ ಲ್ಯಾಪ್‌ಟಾಪ್‌ಗೆ ಇದು ಒಳ್ಳೆಯ ರಕ್ಷಣೆ. ಆದರೆ ಕೋರ್ 2 ಡ್ಯುಯೊ ಕಾಲದ ಪ್ರೊಸೆಸರ್‌ಗಳಲ್ಲಿ ಗೂಢಲಿಪಿಗೆ ಬೇಕಾದ ವಿಶೇಷ ಸೂಚನೆಗಳಿಲ್ಲದ ಕಾರಣ ವೇಗ ಕುಗ್ಗುತ್ತದೆ. ಗುಪ್ತಪದ ಮರೆತರೆ ಕಡತಗಳನ್ನು ಮರಳಿ ಪಡೆಯುವ ಹಿಂಬಾಗಿಲು ಯಾವುದೂ ಇಲ್ಲ.

ಸ್ಥಾಪಕವು ಡಿಸ್ಕನ್ನು ತಾನಾಗಿಯೇ ಹಲವು ಭಾಗಗಳಾಗಿ ಒಡೆಯುತ್ತದೆ. ಇದು ಅಂದಕ್ಕಾಗಿ ಅಲ್ಲ: ಒಂದೊಂದು ಭಾಗಕ್ಕೂ ಬೇರೆ ಬೇರೆ ನಿರ್ಬಂಧ ಹಾಕಲು ಇದರಿಂದ ಸಾಧ್ಯವಾಗುತ್ತದೆ, ಒಂದು ಭಾಗ ತುಂಬಿದರೂ ಉಳಿದವು ಉಸಿರಾಡುತ್ತವೆ. ಯಂತ್ರ ಮರು ಆರಂಭವಾದ ಮೇಲೆ ಎಫ್‌ಡಬ್ಲ್ಯು ಅಪ್‌ಡೇಟ್ ಆಜ್ಞೆಯು ಬೇಕಾದ ಫರ್ಮ್‌ವೇರ್ ತರುತ್ತದೆ. ಪಿಕೆಜಿ ಆ್ಯಡ್ ಆಜ್ಞೆಯಿಂದ ಫೈರ್‌ಫಾಕ್ಸ್, ಲಿಬ್ರೆಆಫೀಸ್, ಎಕ್ಸ್‌ಎಫ್‌ಸಿಇ ಮೇಜುಪರಿಸರ ಮೊದಲಾದವನ್ನು ಸೇರಿಸಿಕೊಳ್ಳಬಹುದು.

ಕನ್ನಡದ ಬಳಕೆ

ಕನ್ನಡಿಗರ ಮಟ್ಟಿಗೆ ಬದಲಾವಣೆಯ ನಿಜವಾದ ಪರೀಕ್ಷೆ ಇಲ್ಲಿದೆ. ಓಪನ್‌ಬಿಎಸ್‌ಡಿಯ ಸ್ಥಾಪಕ ಮತ್ತು ಕೈಪಿಡಿ ಇಂಗ್ಲಿಷಿನಲ್ಲಿಯೇ ಇವೆ. ಕನ್ನಡವನ್ನು ಓದುವುದಕ್ಕೂ ಬರೆಯುವುದಕ್ಕೂ ಮಾತ್ರ ತೊಡಕಿಲ್ಲ. ಮೂರು ಅಂಗಗಳು ಸರಿಯಾಗಬೇಕಷ್ಟೆ.

ಮೊದಲನೆಯದು ಫಾಂಟ್. ಮೂಲ ವ್ಯವಸ್ಥೆಯೊಡನೆ ಬರುವ ಫಾಂಟುಗಳನ್ನಷ್ಟೇ ನೆಚ್ಚದೆ ನೋಟೋ ಫಾಂಟುಗಳ ಕಟ್ಟನ್ನು ಹಾಕಿಕೊಂಡರೆ ಜಾಲತಾಣಗಳಲ್ಲಿ ಕನ್ನಡದ ಬದಲು ಚೌಕಗಳು ಕಾಣುವುದು ತಪ್ಪುತ್ತದೆ.

ಎರಡನೆಯದು ಅಕ್ಷರ ಜೋಡಣೆ. ಯುನಿಕೋಡ್‌ನಲ್ಲಿ ಕನ್ನಡಕ್ಕೆ 128 ಸ್ಥಾನಗಳ ಒಂದು ವಿಭಾಗವಿದ್ದು, ಒತ್ತಕ್ಷರಗಳಿಗೆ ಪ್ರತ್ಯೇಕ ಸ್ಥಾನಗಳಿಲ್ಲ. ‘ಕ್ಷ’ ಎಂಬುದು ಕ, ಅರ್ಧಾಕ್ಷರ ಚಿಹ್ನೆ, ಷ ಎಂಬ ಮೂರು ಸಂಕೇತಗಳಾಗಿ ಉಳಿದಿರುತ್ತದೆ. ಅವುಗಳನ್ನು ಕೂಡಿಸಿ ಒಂದು ರೂಪವಾಗಿ ಬಿಡಿಸುವುದು ಹಾರ್ಫ್‌ಬಜ್‌ನಂತಹ ಜೋಡಣಾ ಗ್ರಂಥಾಲಯದ ಕೆಲಸ. ಫೈರ್‌ಫಾಕ್ಸ್, ಲಿಬ್ರೆಆಫೀಸ್‌ಗಳಲ್ಲಿ ಈ ಕೆಲಸ ಸರಿಯಾಗಿ ನಡೆಯುತ್ತದೆ. ಆಜ್ಞೆಗಳನ್ನು ಬರೆಯುವ ಎಕ್ಸ್‌ಟರ್ಮ್ ಕಿಟಕಿಯಲ್ಲಿ ನಡೆಯುವುದಿಲ್ಲ. ಒತ್ತು, ದೀರ್ಘಗಳು ಚೆಲ್ಲಾಪಿಲ್ಲಿಯಾಗಿ ಕಾಣುತ್ತವೆ. ಕಡತ ಕೆಟ್ಟಿಲ್ಲ, ತೋರುವ ಕನ್ನಡಿ ಸರಿಯಿಲ್ಲ ಅಷ್ಟೆ.

ಮೂರನೆಯದು ಕೀಲಿಮಣೆ. ಕೆ. ಪಿ. ರಾವ್ ಅವರು ರೂಪಿಸಿದ, ಕರ್ನಾಟಕ ಸರ್ಕಾರ ಮಾನ್ಯ ಮಾಡಿದ, ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಮೂಲಕ ಮನೆಮಾತಾದ ವಿನ್ಯಾಸವು ಎಕ್ಸ್ ವಿಂಡೋ ವ್ಯವಸ್ಥೆಯ ಕೀಲಿಮಣೆ ಭಂಡಾರದಲ್ಲಿ ‘ಕಗಪ’ ಎಂಬ ಹೆಸರಿನಲ್ಲಿ ಸೇರಿದೆ. ಸೆಟ್‌ಎಕ್ಸ್‌ಕೆಬಿಮ್ಯಾಪ್ ಆಜ್ಞೆಗೆ ಭಾರತದ ವಿನ್ಯಾಸವನ್ನೂ ಕನ್ನಡ ಕಗಪ ಎಂಬ ಪ್ರಭೇದವನ್ನೂ ಸೂಚಿಸಿದರೆ ಬೇರೆ ತಂತ್ರಾಂಶವಿಲ್ಲದೆಯೇ ಕನ್ನಡ ಟೈಪು ಮಾಡಬಹುದು. ಒಂದು ವ್ಯತ್ಯಾಸವನ್ನು ನೆನಪಿಡಬೇಕು. ನುಡಿಯಲ್ಲಿ ಪದದ ಆರಂಭದಲ್ಲಿ ಸ್ವರದ ಕೀಲಿ ಒತ್ತಿದರೆ ‘ಇ’ ಎಂದೂ ವ್ಯಂಜನದ ನಂತರ ಒತ್ತಿದರೆ ಗುಡಿಸು ಎಂದೂ ತಂತ್ರಾಂಶವೇ ಊಹಿಸಿಕೊಳ್ಳುತ್ತದೆ. ಇಲ್ಲಿ ಆ ಜಾಣ್ಮೆ ಇಲ್ಲ: ಬಿಡಿ ಸ್ವರಕ್ಕೆ ಬಲಗಡೆಯ ಆಲ್ಟ್ ಕೀಲಿಯನ್ನು ಒತ್ತಿ ಹಿಡಿಯಬೇಕು. ಬೆರಳುಗಳಿಗೆ ಇದು ರೂಢಿಯಾಗಲು ಕೆಲವು ದಿನ ಹಿಡಿಯುತ್ತದೆ.

ಇವೆಲ್ಲಕ್ಕಿಂತ ದೊಡ್ಡ ತೊಂದರೆ ಹಳೆಯ ಬರಹಗಳದು. ಯುನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಬರಹ ಮೊದಲಾದವುಗಳಲ್ಲಿ ಸಿದ್ಧಪಡಿಸಿದ ಕಡತಗಳಲ್ಲಿ ನಿಜವಾಗಿ ಇರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಗಳು. ಅವುಗಳ ಮೇಲೆ ಕನ್ನಡದ ತುಣುಕುಗಳ ಚಿತ್ರ ಬರೆದ ಫಾಂಟ್ ಇದ್ದರಷ್ಟೇ ಕನ್ನಡವಾಗಿ ಕಾಣುತ್ತವೆ. ಡಿಟಿಪಿ ಅಂಗಡಿಗಳ ಆಹ್ವಾನಪತ್ರಿಕೆ, ಶಾಲೆಗಳ ಪ್ರಶ್ನೆಪತ್ರಿಕೆ, ಸಹಕಾರ ಸಂಘಗಳ ಸಭಾ ನಡಾವಳಿ ಹೀಗೆ ಎಷ್ಟೋ ವರ್ಷಗಳ ಕನ್ನಡ ಈ ರೂಪದಲ್ಲಿದೆ. ಹೊಸ ವ್ಯವಸ್ಥೆಯಲ್ಲಿ ಅವನ್ನು ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಕಾಣುತ್ತದೆ. ಆದ್ದರಿಂದ ವಿಂಡೋಸ್ ಅಳಿಸುವ ಮೊದಲೇ, ನುಡಿಯಲ್ಲಿರುವ ಪರಿವರ್ತನಾ ಸೌಲಭ್ಯದಿಂದ ಅವನ್ನು ಯುನಿಕೋಡ್‌ಗೆ ಬದಲಾಯಿಸಿ ಇಟ್ಟುಕೊಳ್ಳಬೇಕು. ಪರಿವರ್ತನೆಯ ನಂತರ ಒಮ್ಮೆ ಕಣ್ಣಾಡಿಸುವುದು ಅವಶ್ಯ. ಹಳೆಯ ಪದ್ಧತಿಯಲ್ಲಿ ಅರ್ಕಾವೊತ್ತು ಅಕ್ಷರದ ಬಳಿಕವೂ ಯುನಿಕೋಡ್‌ನಲ್ಲಿ ರಕಾರವು ಅಕ್ಷರಕ್ಕೆ ಮೊದಲೂ ಬರುವುದರಿಂದ ತಪ್ಪುಗಳು ನುಸುಳುವುದು ಹೆಚ್ಚಾಗಿ ಅಲ್ಲಿಯೇ. ಹೆಸರು ಮತ್ತು ಅಂಕಿಗಳಿರುವ ದಾಖಲೆಗಳನ್ನು ಮುದ್ರಿತ ಪ್ರತಿಯೊಡನೆ ಹೋಲಿಸುವುದು ಲೇಸು.

ಮಿತಿಗಳು

ವಿಂಡೋಸ್‌ಗಾಗಿಯೇ ಬರೆದ ಲೆಕ್ಕಪತ್ರ ತಂತ್ರಾಂಶ, ನುಡಿ, ಡಿಜಿಟಲ್ ಸಹಿಯ ಯುಎಸ್‌ಬಿ ಸಾಧನದ ತಂತ್ರಾಂಶ ಮುಂತಾದವು ಓಪನ್‌ಬಿಎಸ್‌ಡಿಯಲ್ಲಿ ನಡೆಯುವುದಿಲ್ಲ. ಮುದ್ರಕಗಳ ವಿಷಯದಲ್ಲಿಯೂ ಎಚ್ಚರ ಬೇಕು. ಪೋಸ್ಟ್‌ಸ್ಕ್ರಿಪ್ಟ್ ಅಥವಾ ಪಿಸಿಎಲ್ ಭಾಷೆ ತಿಳಿದ ಮುದ್ರಕಗಳು ಸುಲಭವಾಗಿ ಹೊಂದುತ್ತವೆ. ನಮ್ಮ ಕಡೆಯ ಅಂಗಡಿಗಳಲ್ಲಿ ಸಾಮಾನ್ಯವಾಗಿ ಕಾಣಸಿಗುವ ಕ್ಯಾನನ್ ಎಲ್‌ಬಿಪಿ 2900ನಂತಹವು ತಯಾರಕರ ಸ್ವಂತ ಚಾಲಕವನ್ನೇ ಬೇಡುತ್ತವೆ. ಓಪನ್‌ಬಿಎಸ್‌ಡಿಗೆ ಅಂತಹ ಅಧಿಕೃತ ಚಾಲಕವಿಲ್ಲ. ದಿನವಿಡೀ ಅರ್ಜಿ ಮುದ್ರಿಸುವ ಸೈಬರ್ ಕೇಂದ್ರದವರು ಎಲ್ಲ ಯಂತ್ರಗಳನ್ನೂ ಬದಲಾಯಿಸುವ ಬದಲು ಒಂದರಿಂದ ಆರಂಭಿಸುವುದು ವಿವೇಕ.

ವಿದ್ಯುತ್ ಕಡಿತದ ಊರುಗಳಿಗೆ ಇನ್ನೊಂದು ಮಾತು. ಓಪನ್‌ಬಿಎಸ್‌ಡಿಯ ಕಡತ ವ್ಯವಸ್ಥೆಯಲ್ಲಿ ಜರ್ನಲ್ ಎಂಬ ದಿನಚರಿ ಪುಸ್ತಕವಿಲ್ಲ. ಕರೆಂಟ್ ಹೋಗಿ ಯಂತ್ರ ಹಠಾತ್ತನೆ ಆರಿದರೆ, ಮತ್ತೆ ಆರಂಭವಾಗುವಾಗ ಎಫ್‌ಎಸ್‌ಸಿಕೆ ಇಡೀ ಡಿಸ್ಕನ್ನು ತಪಾಸಣೆ ಮಾಡುತ್ತದೆ. ಕೆಲವೊಮ್ಮೆ ಅರ್ಧದಲ್ಲಿ ನಿಂತು, ಆಜ್ಞೆಯನ್ನು ಕೈಯಾರೆ ನೀಡಬೇಕೆಂದು ಕೇಳುತ್ತದೆ. ಮೇಜುಗಣಕಕ್ಕೆ ಯುಪಿಎಸ್ ಇಲ್ಲದಿದ್ದರೆ, ಅಥವಾ ಲ್ಯಾಪ್‌ಟಾಪ್‌ನ ಬ್ಯಾಟರಿ ಪೂರ್ತಿ ಸೋತಿದ್ದರೆ, ಜರ್ನಲ್ ಇರುವ ಲಿನಕ್ಸ್ ವ್ಯವಸ್ಥೆಯೇ ಸೂಕ್ತ. ಹೊಸ ಬಳಕೆದಾರರಿಗೆ ಡೆಬಿಯನ್ ಅಥವಾ ಲಿನಕ್ಸ್ ಮಿಂಟ್ ಹೆಚ್ಚು ಸುಲಭವೆಂಬುದೂ ನಿಜ. ಕೈಪಿಡಿಯನ್ನು ಓದುವ ವ್ಯವಧಾನ ಉಳ್ಳವರಿಗೆ ಓಪನ್‌ಬಿಎಸ್‌ಡಿ ಒಲಿಯುತ್ತದೆ. ಇಲ್ಲಿ ಕೈಪಿಡಿಯ ತಪ್ಪನ್ನೂ ತಂತ್ರಾಂಶದ ತಪ್ಪಿನಷ್ಟೇ ಗಂಭೀರವಾಗಿ ಪರಿಗಣಿಸುತ್ತಾರೆ.

ತಂತ್ರಾಂಶವು ಯಂತ್ರಾಂಶದ ದೋಷವನ್ನು ಪೂರ್ತಿ ಮುಚ್ಚಲಾರದು. 2018ರಲ್ಲಿ ಬೆಳಕಿಗೆ ಬಂದ ಸ್ಪೆಕ್ಟರ್ ದೋಷಕ್ಕೆ, ಕೋರ್ 2 ಪೀಳಿಗೆಯ ಹಲವು ಪ್ರೊಸೆಸರ್‌ಗಳಿಗೆ ಇಂಟೆಲ್ ಮೈಕ್ರೋಕೋಡ್ ಪರಿಷ್ಕರಣೆ ಕೊಡದೆ ಬಿಟ್ಟಿತು. ಓಪನ್‌ಬಿಎಸ್‌ಡಿ ಅದೇ ವರ್ಷ ಹೈಪರ್‌ಥ್ರೆಡಿಂಗ್ ಸೌಲಭ್ಯವನ್ನು ತಾನಾಗಿಯೇ ನಿಷ್ಕ್ರಿಯಗೊಳಿಸಿ ಅಪಾಯವನ್ನು ಒಂದಿಷ್ಟು ತಗ್ಗಿಸಿತು. ಕೆಲವು ಯಂತ್ರಗಳಲ್ಲಿ ವೇಗ ತುಸು ಕಡಿಮೆಯಾದುದು ಅದರ ಬೆಲೆ.

ನಿರ್ವಹಣೆ

ಹೊಸ ಆವೃತ್ತಿ ಸುಮಾರು ಆರು ತಿಂಗಳಿಗೊಮ್ಮೆ ಬರುತ್ತದೆ. ಇತ್ತೀಚಿನ ಎರಡು ಆವೃತ್ತಿಗಳಿಗೆ ಮಾತ್ರ ತೇಪೆಗಳು ದೊರೆಯುವುದರಿಂದ ಒಂದು ಆವೃತ್ತಿಯ ಆಯುಷ್ಯ ಹೆಚ್ಚೂಕಡಿಮೆ ಒಂದು ವರ್ಷ. ಒಮ್ಮೆ ಹಾಕಿ ಹತ್ತು ವರ್ಷ ಮರೆತುಬಿಡುವವರಿಗೆ ಇದು ತಕ್ಕುದಲ್ಲ. ಕೆಲಸವೇನೋ ಸುಲಭ: ಸಿಸ್‌ಪ್ಯಾಚ್ ಆಜ್ಞೆ ತೇಪೆಗಳನ್ನು ಹಾಕುತ್ತದೆ, ಸಿಸ್‌ಅಪ್‌ಗ್ರೇಡ್ ಆಜ್ಞೆ ಮುಂದಿನ ಆವೃತ್ತಿಗೆ ಒಯ್ಯುತ್ತದೆ, ಪಿಕೆಜಿ ಆ್ಯಡ್ ಆಜ್ಞೆಯನ್ನು ಪರಿಷ್ಕರಣೆಯ ಆಯ್ಕೆಯೊಡನೆ ಕೊಟ್ಟರೆ ಸೇರಿಸಿಕೊಂಡ ತಂತ್ರಾಂಶಗಳೂ ಹೊಸದಾಗುತ್ತವೆ. ಇಳಿಸಿದ ಪ್ರತಿ ಕಡತದ ಸಹಿಯನ್ನು ಸಿಗ್ನಿಫೈ ಎಂಬ ಉಪಕರಣ ಪರಿಶೀಲಿಸುತ್ತದೆ. ಮಧ್ಯದ ಆವೃತ್ತಿಗಳನ್ನು ಹಾರಿ ಮುಂದೆ ಹೋಗಲು ಅವಕಾಶವಿಲ್ಲ. ಹಿಂದೆ ಉಳಿದ ಯಂತ್ರವು ಒಂದೊಂದೇ ಮೆಟ್ಟಿಲು ಹತ್ತಬೇಕು.

ಯಂತ್ರವೇ ಕೊನೆಗೆ ಸೋತರೆ ಅದನ್ನು ಗುಜರಿಯವರಿಗೆ ಹಾಕುವುದು ಸರಿಯಲ್ಲ. ಹಲಗೆಗಳಲ್ಲಿ ಸೀಸದಂತಹ ವಿಷಲೋಹಗಳಿವೆ. ವಿದ್ಯುನ್ಮಾನ ತ್ಯಾಜ್ಯದ ನಿಯಮಗಳ ಪ್ರಕಾರ ಅದು ನೋಂದಾಯಿತ ಘಟಕಕ್ಕೆ ಸೇರಬೇಕು. ಬೆಂಗಳೂರು–ತುಮಕೂರು ಹೆದ್ದಾರಿಯ ದಾಬಸ್‌ಪೇಟೆಯಲ್ಲಿರುವ ಇ-ಪರಿಸರ ಘಟಕವು ದೇಶದಲ್ಲಿ ಈ ಕೆಲಸವನ್ನು ವೈಜ್ಞಾನಿಕವಾಗಿ ಆರಂಭಿಸಿದ ಮೊದಲಿಗರಲ್ಲಿ ಒಂದು. ಕೊಡುವ ಮುನ್ನ ಡಿಸ್ಕನ್ನು ಹೊರತೆಗೆದಿಟ್ಟುಕೊಳ್ಳಬೇಕು, ಇಲ್ಲವೇ ಅದರ ಮೇಲೆ ಪೂರ್ತಿಯಾಗಿ ಹೊಸ ದತ್ತಾಂಶ ಬರೆದು ಅಳಿಸಬೇಕು. ಕಡತವನ್ನು ಕಸದಬುಟ್ಟಿಗೆ ಹಾಕಿದ ಮಾತ್ರಕ್ಕೆ ಅದು ಡಿಸ್ಕಿನಿಂದ ಹೋಗುವುದಿಲ್ಲ.